ಬಡಿದವಳು, ಬೇಯಿಸಿದವಳು

ಖೂಬಾ ಪ್ಲಾಟ್, ಕಲಬುರಗಿ
೩ ನವೆಂಬರ್ ೨೦೨೫

ಗುಂಡಮ್ಮನಿಗೆ ಶಾರದಾಬಾಯಿಯ ನಮಸ್ಕಾರವೂ ಬೈಗುಳವೂ.

ಮೊದಲು ಬೈಗುಳ. ಈ ಎಂಟು ತಿಂಗಳಲ್ಲಿ ನಿನಗೆ ಎಷ್ಟು ಸಲ ಫೋನು ಮಾಡಿರಬೇಕು? ಒಂದು ಸಲವಾದರೂ ಎತ್ತಿ ಬದುಕಿದ್ದೇನೆ ಎಂದು ಹೇಳಿದೆಯಾ? ನಿನ್ನ ಸೊಸೆ ವಿಜಯಶ್ರೀ ಒಮ್ಮೆ ಎತ್ತಿದಳು. ‘ನಿಮ್ಮ ಹೆಸರ ಬಂದ್ರ ಅತ್ತಿ ಫೋನ್ ಒಯ್ದು ಹಿಟ್ಟಿನ ಡಬ್ಬ್ಯಾಗ ಇಡ್ತಾರ್ರೀ’ ಅಂದಳು. ಅದಕ್ಕೇ ಈಗ ಪತ್ರ. ಪತ್ರವನ್ನು ನೀನು ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಸೊಸೆಯಿಂದ ಓದಿಸಿ ಕೇಳದೆ ಇರಲಾರೆ. ನಿನ್ನನ್ನು ನಾನು ಇವತ್ತು ನಿನ್ನೆಯಿಂದ ನೋಡುತ್ತಿಲ್ಲ. ನಮ್ಮ ಟೆಂಪೋದ ನಬಿಸಾಬ್ ದಿನಾ ಕೋಟನೂರಿನ ಹಾಸ್ಟೆಲಿಗೆ ರೊಟ್ಟಿ ಹಾಕಲು ಬರುತ್ತಾನಲ್ಲ, ಅವನ ಕೈಯಲ್ಲಿ ಕಳಿಸಿದ್ದೇನೆ. ಉತ್ತರವನ್ನೂ ಅವನ ಕೈಗೇ ಕೊಡು.

ಈಗ ಸಂಗತಿಗೆ ಬರುತ್ತೇನೆ. ನೀನು ಹೋದ ಮೇಲೆ ನಮ್ಮ ರೊಟ್ಟಿ ಕೇಂದ್ರಕ್ಕೆ ಪ್ರೀತಿ ಅಂತ ಒಬ್ಬ ಮ್ಯಾನೇಜರ್ ಬಂದಿದ್ದಾಳೆ. ಇಪ್ಪತ್ತೇಳು ವರ್ಷ, ಓದಿದ ಹುಡುಗಿ, ನಡೆಯುವುದೇ ಓಡಿದ ಹಾಗೆ. ಅವಳು ಯಾವುದೋ ತರಬೇತಿಗೆ ಹೋಗಿ ‘ಟೀಮ್ ರಿಟ್ರೀಟ್’ ಎಂಬುದನ್ನು ಕಲಿತು ಬಂದಿದ್ದಾಳೆ. ಒಟ್ಟಿಗೆ ಕೆಲಸ ಮಾಡುವವರು ಎರಡು ದಿನ ಕೆಲಸ ಬಿಟ್ಟು, ಊರು ಬಿಟ್ಟು, ಎಲ್ಲಾದರೂ ಹೋಗಿ ಸುಮ್ಮನೆ ಕೂರುವುದಂತೆ. ದಣಿವಾರಿಸಿಕೊಳ್ಳುವುದಂತೆ. ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡುವುದಂತೆ. ‘ಎರಡ ದಿನ ಎಲ್ಲಾ ಒಲಿ ಆರಸೂದು’ ಅಂತ ಅವಳು ಹೇಳಿದಾಗ ಅಂಬರೀನ್ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡು, ‘ಯಾ ಅಲ್ಲಾ, ಯಾರ ಹೋದ್ರು?’ ಅಂತ ಕೇಳಿದಳು. ಸಾವಾಗದೆ ಒಲೆ ಆರಿಸಿದ್ದು ನಮಗಾರಿಗೂ ನೆನಪಿಲ್ಲ.

ಹೋಗುವುದು ಕಮಲಾಪುರಕ್ಕೆ, ದೌಲಪ್ಪನ ಬಾಳೆ ತೋಟಕ್ಕೆ. ನಮಗೆ ಜೋಳ ಕೊಡುವ ದೌಲಪ್ಪನೇ. ಎಳ್ಳಮಾವಾಸ್ಯೆಯ ಆರ್ಡರಿನ ಗಡಿಬಿಡಿ ಮುಗಿದ ಮರುದಿನ, ಡಿಸೆಂಬರ್ ಇಪ್ಪತ್ತು, ಇಪ್ಪತ್ತೊಂದು. ನೀನು ಬರಬೇಕು.

ಕೆಲಸ ಬಿಟ್ಟವಳು ಅಂತ ನೆಪ ಹೇಳಬೇಡ. ಹತ್ತೊಂಬತ್ತು ವರ್ಷ ಒಂದೇ ಒಲೆಯ ಆಚೆ ಈಚೆ ಕೂತು ನಾನು ಬಡಿದೆ, ನೀನು ಬೇಯಿಸಿದೆ. ಫೆಬ್ರವರಿಯಲ್ಲಿ ಸಿರಿಧಾನ್ಯ ಮೇಳ ಮುಗಿಯಿತು, ಮಾರ್ಚಿನಲ್ಲಿ ಮೊಣಕಾಲು ನೋವು ಅಂತ ಎದ್ದು ಹೋದೆ. ಮೊಣಕಾಲು ನೋವಿಗೆ ಫೋನು ಎತ್ತಬೇಡ ಅಂತ ಯಾವ ಡಾಕ್ಟರ್ ಔಷಧ ಬರೆದುಕೊಟ್ಟ?

ನಿನ್ನ ದಾರಿ ನೋಡುತ್ತಿರುವ,
ಶಾರದಾಬಾಯಿ

*

ಕೋಟನೂರ
೯ ನವೆಂಬರ್ ೨೦೨೫

ರೊಟ್ಟಿ ಕೇಂದ್ರದ ಎಲ್ಲರಿಗೂ ಗುಂಡಮ್ಮನ ನಮಸ್ಕಾರ.

ಅಂಬರೀನ್ ಆರಾಮ ಇದ್ದಾಳೆಂದು ತಿಳಿದು ಸಂತೋಷ. ನನ್ನ ಜಾಗದಲ್ಲಿ ಕೂತಿರುವ ಮುಬಶ್ಶಿರಾಳಿಗೆ ಹಂಚಿನ ಬಿಸಿ ಒಗ್ಗಿತೇ ಎಂದು ಕೇಳಿದೆನೆಂದು ಹೇಳಿ. ನಬಿಸಾಬನ ಬೆನ್ನು ನೋವು ಹೇಗಿದೆ? ಬಾಗಿಲಲ್ಲಿ ಮಲಗುವ ಕರಿ ನಾಯಿಗೆ ಮೊದಲ ರೊಟ್ಟಿ ಹಾಕುವುದನ್ನು ಮರೆಯಬೇಡಿ.

ನಾನು ಕಮಲಾಪುರಕ್ಕೆ ಬರುವುದಿಲ್ಲ. ದಣಿವಾರಿಸಿಕೊಳ್ಳುವುದು ದಣಿದವರಿಗೆ. ನಾನು ಎಂಟು ತಿಂಗಳಿಂದ ಬೆಳಗ್ಗೆ ಏಳಕ್ಕೆ ಏಳುತ್ತೇನೆ. ಎದ್ದ ಮೇಲೆ ಸೊಸೆ ಚಹಾ ಕೊಡುತ್ತಾಳೆ, ಮೊಮ್ಮಗಳಿಗೆ ಜಡೆ ಹಾಕುತ್ತೇನೆ. ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ಇದೇ ನನಗೆ ದೊಡ್ಡ ರಿಟ್ರೀಟು.

ಮೊಣಕಾಲು ಹಾಗೇ ಇದೆ.

ಹೇಳಿದವಳು ಗುಂಡಮ್ಮ
ಬರೆದವಳು ವಿಜಯಶ್ರೀ

ಶಾರದಕ್ಕ, ಇದು ವಿಜಯಶ್ರೀ. ಅತ್ತೆ ಬಚ್ಚಲಿಗೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಮೊಣಕಾಲಿಗೆ ಏನೂ ಆಗಿಲ್ಲ. ಮೇಳದಲ್ಲಿ ಮೊದಲ ಬಹುಮಾನ ಬಂದಾಗ ನಿಮ್ಮನ್ನು ವೇದಿಕೆಗೆ ಕರೆದರು. ಮೈಕಿನವರು ‘ಇಷ್ಟ ಛಂದ ರೊಟ್ಟಿ ನೀವೊಬ್ಬರೇ ಮಾಡೀರೇನ್ರೀ?’ ಅಂತ ಕೇಳಿದರು. ನೀವು ಹೌದೆಂದು ತಲೆ ಆಡಿಸಿದಿರಿ. ಅತ್ತೆ ಆ ದಿನ ಹೊಸ ಸೀರೆ ಉಟ್ಟಿದ್ದರು. ತಮ್ಮನ್ನೂ ಕರೆಯುತ್ತೀರಿ ಅಂತ ಎರಡನೇ ಸಾಲಿನಲ್ಲಿ ಎದ್ದು ನಿಂತಿದ್ದರು. ನೀವು ತಲೆ ಆಡಿಸಿದ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ನಾನು ಹೇಳಿದೆ ಅಂತ ಹೇಳಬೇಡಿ.

*

ಖೂಬಾ ಪ್ಲಾಟ್
೧೪ ನವೆಂಬರ್ ೨೦೨೫

ಗುಂಡಮ್ಮಾ,

ನಿನ್ನ ಪತ್ರದಲ್ಲಿ ಎಲ್ಲರಿಗೂ ವಿಚಾರಣೆ ಇತ್ತು, ನಾಯಿಗೂ ಇತ್ತು. ನನಗಿರಲಿಲ್ಲ. ಗಮನಿಸಿದ್ದೇನೆ.

ನಿನ್ನ ಸೊಸೆ ಕೆಳಗೆ ಬರೆದದ್ದನ್ನು ನಾನು ಓದಿಲ್ಲ ಎಂದೇ ತಿಳಿ. ಓದಿದ್ದರೆ ಇಷ್ಟು ಹೇಳುತ್ತಿದ್ದೆ: ಆ ಮೇಳದ ಫಾರ್ಮಿನಲ್ಲಿ ಒಂದೇ ಹೆಸರಿಗೆ ಜಾಗ ಇತ್ತು. ನಾನೇನು ಫಾರ್ಮು ಅಚ್ಚು ಹಾಕಿಸಿದ್ದೆನೇ? ಕಣ್ಣಿಗೆ ಹೊಡೆಯುವ ದೀಪ, ಮುಂದೆ ಸಾವಿರ ಜನ, ಗಂಟಲಿನ ತನಕ ಮೈಕು. ಆ ಮನುಷ್ಯ ಏನು ಕೇಳಿದನೋ ನನಗೆ ಸರಿಯಾಗಿ ತಿಳಿಯಲೂ ಇಲ್ಲ. ಗಾಬರಿಯಲ್ಲಿ ಕುತ್ತಿಗೆ ಹೇಗೋ ಅಲುಗಿತು. ಕುತ್ತಿಗೆ ಅಲುಗಿದ್ದಕ್ಕೆ ಹತ್ತೊಂಬತ್ತು ವರ್ಷದ ಒಲೆ ಬಿಟ್ಟು ಹೋಗುತ್ತಾರೆಯೇ? ನನ್ನನ್ನು ಎದುರಿಗೆ ನಿಲ್ಲಿಸಿ ನಾಲ್ಕು ಬೈದಿದ್ದರೆ ಆಗುತ್ತಿತ್ತು.

ಇಲ್ಲಿ ನನ್ನ ಪಾಡು ಕೇಳು. ಮುಬಶ್ಶಿರಾ ಒಳ್ಳೆಯವಳೇ, ಆದರೆ ನಾನು ಬಡಿದು ಹಾಕಿದ ರೊಟ್ಟಿ ಅವಳ ಹಂಚಿನಲ್ಲಿ ಉಬ್ಬುವುದಿಲ್ಲ. ಹಪ್ಪಳದ ಹಾಗೆ ಚಪ್ಪಟೆ ಮಲಗುತ್ತದೆ. ಇಲ್ಲವೇ ಒಂದು ಕಡೆ ಕರಿ, ಒಂದು ಕಡೆ ಹಸಿ. ದಿನಾ ಅವಳ ಮೇಲೆ ಕೂಗಾಡುತ್ತೇನೆ, ಅವಳು ದಿನಾ ಅಳುತ್ತಾಳೆ, ಮರುದಿನ ಮತ್ತೆ ಹಾಗೇ. ಮೊನ್ನೆ ಹಳೇ ಗಿರಾಕಿ ಮಲ್ಲಣ್ಣ ಬಂದು, ‘ಶಾರದಾಬಾಯಿ, ಬಹುಮಾನ ಬಂದಾಗಿಂದ ನಿಮ್ಮ ಕೈ ಕೆಟ್ಟದ ನೋಡ್ರಿ’ ಅಂದ. ನನ್ನ ಕೈ ಕೆಟ್ಟಿಲ್ಲ. ಕೈ ಹಾಗೇ ಇದೆ.

ಕಮಲಾಪುರಕ್ಕೆ ಬಾ. ಅಲ್ಲಿ ಎಲ್ಲ ಮಾತಾಡೋಣ.

ಶಾರದಾಬಾಯಿ

*

ಕೋಟನೂರ
೨೫ ನವೆಂಬರ್ ೨೦೨೫

ಶಾರದಾಬಾಯಿಗೆ,

ಸೊಸೆಗೆ ಬೈದಾಯಿತು. ಅವಳು ಬೈಸಿಕೊಳ್ಳುತ್ತಲೇ ನಕ್ಕಳು, ಬರೆಯುವಾಗಲೂ ನಗುತ್ತಿದ್ದಾಳೆ. ಈ ಮನೆಯಲ್ಲಿ ನನಗೆ ಭಯಪಡುವವರು ಯಾರೂ ಇಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಫಾರ್ಮು ಡೊಂಕು ಅನ್ನುತ್ತೀ, ಮೈಕು ಡೊಂಕು ಅನ್ನುತ್ತೀ. ಒಂದು ಮಾತು ಕೇಳುತ್ತೇನೆ. ಕೇಂದ್ರ ಶುರುವಾದ ಎರಡನೇ ವರ್ಷ ದೊಡ್ಡ ಮನೆತನದ ಒಬ್ಬ ಅಕ್ಕೋರು ಡಬ್ಬಿ ಹಿಡಿದು ಬಂದಿದ್ದರು, ನೆನಪಿದೆಯಾ? ಹಂಚಿನ ಮುಂದೆ ಕೂತ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಆಕಿ ಯಾ ಮಂದೀ? ಆಕಿ ಮುಟ್ಟಲಾರದ ರೊಟ್ಟಿ ಹತ್ತ ಕೊಡ್ರಿ’ ಅಂದರು. ಆಗ ನೀನು ಅವರ ಡಬ್ಬಿಯ ಮುಚ್ಚಳ ಮುಚ್ಚಿ ಕೈಗೆ ಕೊಟ್ಟು, ‘ಇಲ್ಲಿ ರೊಟ್ಟಿ ನಮ್ಮಿಬ್ಬರ ಕೈಯಾಗ ಹಾದು ಬರ್ತದ್ರಿ. ಒಂದ ಕೈದು ಬೇಕಂದ್ರ ನಿಮ್ಮ ಮನ್ಯಾಗ ಬಡ್ಕೋರಿ’ ಅಂದೆ. ಮೂರು ದಿನ ಗಿರಾಕಿ ಕಡಿಮೆಯಾದರು. ನೀನು ಅದರ ಮಾತೇ ಎತ್ತಲಿಲ್ಲ.

ಆ ದಿನ ನಾನು ಮನೆಗೆ ಹೋಗಿ ಅತ್ತಿದ್ದೆ. ದುಃಖಕ್ಕಲ್ಲ. ಈ ಹೆಂಗಸಿನ ಎದುರಿನ ಒಲೆ ಬಿಟ್ಟು ಬೇರೆ ಎಲ್ಲೂ ಕೂರುವುದಿಲ್ಲ ಅಂದುಕೊಂಡಿದ್ದೆ. ಗಿರಾಕಿಯ ಮುಂದೆ ಇಬ್ಬರು ಅಂದವಳಿಗೆ ಸಾವಿರ ಜನರ ಮುಂದೆ ಒಬ್ಬಳೇ ಆಗಬೇಕು ಅನ್ನಿಸಿತಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬೇರೆ ಯಾರು ಮಾಡಿದ್ದರೂ ನಾನು ಬೈದು ಮರೆಯುತ್ತಿದ್ದೆ.

ಮುಬಶ್ಶಿರಾಳ ಮೇಲೆ ಕೂಗಬೇಡ. ತಪ್ಪು ಅವಳದ್ದಲ್ಲ. ನೀನು ಎಡಗಡೆಯ ಅಂಚನ್ನು ಒಂದು ಚೂರು ದಪ್ಪ ಬಿಡುತ್ತೀ. ಇಷ್ಟು ವರ್ಷ ನಿನಗೆ ಹೇಳಿಲ್ಲ, ಹೇಳಿದ್ದರೆ ಜಗಳಕ್ಕೆ ಬರುತ್ತಿದ್ದೆ. ಆ ಅಂಚು ಯಾವಾಗಲೂ ಉರಿ ಜಾಸ್ತಿ ಇರುವ ಕಡೆಗೆ ಬರುವಂತೆ ಹಂಚಿನ ಮೇಲೆ ಹಾಕಬೇಕು. ಮೇಲೆ ಹಚ್ಚಿದ ನೀರು ಪೂರ್ತಿ ಆರುವ ಮುಂಚೆ, ಇನ್ನೂ ಸ್ವಲ್ಪ ಹೊಳೆಯುತ್ತಿರುವಾಗಲೇ ಮಗುಚಬೇಕು. ಆಮೇಲೆ ಬಟ್ಟೆಯಿಂದ ಅಂಚಿನಲ್ಲಿ ಮೆಲ್ಲಗೆ ಒತ್ತಬೇಕು, ನಡುವೆ ಮುಟ್ಟಬಾರದು. ಅವಳಿಗೆ ಹೇಳು.

ನಾನು ಬರುವುದಿಲ್ಲ.

ಹೇಳಿದವಳು ಗುಂಡಮ್ಮ
ಬರೆದವಳು ವಿಜಯಶ್ರೀ

ರೊಟ್ಟಿ ಮಗುಚುವ ಮಾತು ಹೇಳುವಾಗ ಅತ್ತೆ ನನ್ನ ನೋಟುಬುಕ್ಕನ್ನೇ ಹಂಚು ಮಾಡಿ ಮಗುಚಿ ತೋರಿಸಿದರು. ಹಾಳೆ ಮಡಚಿದ್ದಕ್ಕೆ ಅದೇ ಕಾರಣ. ಇದನ್ನು ಅವರಿಗೆ ಗೊತ್ತಿದ್ದೇ ಬರೆದಿದ್ದೇನೆ.

*

ಖೂಬಾ ಪ್ಲಾಟ್
೧೨ ಡಿಸೆಂಬರ್ ೨೦೨೫

ಗುಂಡಮ್ಮಾ,

ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಮೂರು ಸಲ ಉತ್ತರ ಬರೆದು ಮೂರನ್ನೂ ಒಲೆಗೆ ಹಾಕಿದೆ. ನಾಲ್ಕನೆಯದು ಇದು.

ಮೊದಲು ಒಳ್ಳೆಯ ಸುದ್ದಿ. ಮುಬಶ್ಶಿರಾಳಿಗೆ ನೀನು ಹೇಳಿದ್ದನ್ನು ಓದಿ ಹೇಳಿದೆ. ಮರುದಿನ ಐದು ರೊಟ್ಟಿಗೆ ಎರಡು ಉಬ್ಬಿದವು. ಅವಳು ಎದ್ದು ನಿಂತು ಚಪ್ಪಾಳೆ ಹೊಡೆದಳು, ಮೂರನೆಯದು ಅಷ್ಟರಲ್ಲಿ ಸೀದುಹೋಯಿತು. ನಾನು ಬೈಯಲಿಲ್ಲ. ನನ್ನ ಎಡ ಅಂಚು ದಪ್ಪ ಎಂಬುದನ್ನು ಅಳೆದು ನೋಡಿದೆ. ದಪ್ಪವೇ. ಹತ್ತೊಂಬತ್ತು ವರ್ಷ ನನ್ನ ಡೊಂಕನ್ನು ನೀನು ಬಾಯಿ ಬಿಡದೆ ತಿದ್ದಿಕೊಂಡು ಬಂದಿದ್ದೀ, ನಾನು ನನ್ನ ಕೈ ಚಿನ್ನ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಹದಿನೇಳು ದಿನ ಇದನ್ನು ನುಂಗಲಿಕ್ಕೇ ಹಿಡಿಯಿತು.

ಗುಂಡಮ್ಮಾ, ನನಗೆ ಗಾಬರಿಯಾಗಿರಲಿಲ್ಲ. ಮೈಕಿನವನು ಕೇಳಿದ್ದು ಸರಿಯಾಗಿಯೇ ಕೇಳಿಸಿತ್ತು. ನೀನು ಎದ್ದು ನಿಂತದ್ದೂ ಕಂಡಿತ್ತು. ಆದರೂ ತಲೆ ಆಡಿಸಿದೆ, ಯಾಕೆಂದರೆ ಆಸೆಯಾಯಿತು. ಐವತ್ತೆಂಟು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಅಷ್ಟು ಜೋರಾಗಿ ಕರೆದಿರಲಿಲ್ಲ. ಆ ಒಂದು ನಿಮಿಷ ಪೂರ್ತಿ ನನ್ನದೇ ಇರಲಿ ಅನ್ನಿಸಿತು. ಕೆಳಗಿಳಿಯುವಾಗಲೇ ನಾಚಿಕೆಯಾಯಿತು. ನಿನ್ನ ಮುಖ ನೋಡಿದ ಮೇಲೆ ಹೆದರಿಕೆಯಾಯಿತು, ಹೆದರಿಕೆಯಾದರೆ ನಾನು ಜೋರು ಮಾಡುತ್ತೇನೆ. ನಿನಗೆ ಗೊತ್ತಿರುವುದೇ.

ಕ್ಷಮೆಯನ್ನು ಈ ಕಾಗದದಲ್ಲಿ ಕೇಳುವುದಿಲ್ಲ. ನಾಲ್ಕು ಜನರ ಮುಂದೆ ಕಸಿದುಕೊಂಡದ್ದನ್ನು ನಾಲ್ಕು ಜನರ ಮುಂದೆಯೇ ವಾಪಸು ಕೊಡಬೇಕು. ಕಮಲಾಪುರದಲ್ಲಿ ಎಲ್ಲರ ಎದುರು ಹೇಳುತ್ತೇನೆ, ನೀನಿರಬೇಕು. ಇಪ್ಪತ್ತನೇ ತಾರೀಖು ಶನಿವಾರ ಬೆಳಗ್ಗೆ ಆರೂವರೆಗೆ ಟೆಂಪೋ ಉಲ್ಟಾ ದಾರಿಯಾದರೂ ಕೋಟನೂರಿಗೆ ಬಂದು ನಿನ್ನ ಮನೆ ಮುಂದೆ ನಿಲ್ಲುತ್ತದೆ.

ಶಾರದಾ

*

ದೌಲಪ್ಪನ ತೋಟ, ಕಮಲಾಪುರ
೨೦ ಡಿಸೆಂಬರ್ ೨೦೨೫, ಸಂಜೆ ಐದು

ಗುಂಡಮ್ಮಾ,

ನಬಿಸಾಬ್ ನಿನ್ನ ಮನೆ ಮುಂದೆ ಹತ್ತು ನಿಮಿಷ ಹಾರ್ನ್ ಹೊಡೆದ. ಓಣಿಯ ಜನರೆಲ್ಲ ಹೊರಗೆ ಬಂದರು, ನೀನೊಬ್ಬಳು ಬರಲಿಲ್ಲ. ವಿಜಯಶ್ರೀ ಬಾಗಿಲಿಗೆ ಬಂದು ಕೈ ಆಡಿಸಿ ಇಲ್ಲ ಅಂದಳು. ನಿನ್ನ ಇಸ್ತ್ರಿ ಮಾಡಿದ ಸೀರೆ ಕಿಟಕಿಯ ಸರಳಿಗೆ ತೂಗುಹಾಕಿದ್ದು ಟೆಂಪೋದಿಂದಲೇ ಕಂಡಿತು. ಹಾಗಾಗಿ ಪೂರ್ತಿ ಆಸೆ ಬಿಟ್ಟಿಲ್ಲ.

ಇಲ್ಲಿಯ ಕಥೆ ಕೇಳಿದರೆ ನಿನಗೆ ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಪ್ರೀತಿಯ ರೂಲು ಏನೆಂದರೆ, ಎರಡು ದಿನ ನಾವ್ಯಾರೂ ಹಿಟ್ಟು ಮುಟ್ಟಬಾರದು. ಹಿಟ್ಟಿನ ಕೋಣೆಗೆ ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಅಡುಗೆ ಗಂಡಸರದು. ನಬಿಸಾಬ್ ಮಾಡಿದ ಖಿಚಡಿ, ಅದರ ಮೇಲೆ ಹಾಕಿಕೊಳ್ಳುವ ಹುಣಸೆಹುಳಿಯ ಖಟ್ಟಾ ನಿಜಕ್ಕೂ ರುಚಿ. ಆದರೆ ರೊಟ್ಟಿ ನಾನೇ ಮಾಡುತ್ತೇನೆಂದು ದೌಲಪ್ಪ ಕೂತ. ಒಂಬತ್ತು ಜನ ರೊಟ್ಟಿಯವರು ಅವನ ಸುತ್ತ ಸಾಲಾಗಿ ಕೂತಿದ್ದೇವೆ, ಯಾರೂ ತಪ್ಪು ತೋರಿಸಬಾರದು ಅಂತ ಇನ್ನೊಂದು ರೂಲು. ಅವನು ತಣ್ಣೀರಲ್ಲಿ ಹಿಟ್ಟು ಕಲಸಿದ. ಕುದಿನೀರು ಬಿಟ್ಟು ತಣ್ಣೀರಲ್ಲಿ, ಗುಂಡಮ್ಮಾ! ಅಂಬರೀನ್ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಂದೊಂದು ರೊಟ್ಟಿಯೂ ಒಂದೊಂದು ದೇಶದ ನಕಾಶೆ. ಕೊನೆಗೆ ಅವನೇ ಬೆವರು ಒರೆಸಿಕೊಂಡು, ‘ಬೈದುಬಿಡ್ರೆವಾ, ಹಿಂಗ ಸುಮ್ಮ ಕುಂತು ನೋಡಬ್ಯಾಡ್ರಿ, ಅಂಜಿಕಿ ಆಗ್ತದ’ ಅಂತ ಕೈ ಮುಗಿದ.

ಊಟದ ಮೇಲೆ ಪ್ರೀತಿ ಬಾಳೆಗಿಡಗಳ ನೆರಳಲ್ಲಿ ಜಮಖಾನೆ ಹಾಸಿ ಎಲ್ಲರನ್ನೂ ಮಲಗಿಸಿದಳು. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಡಬೇಕಂತೆ. ಎರಡು ನಿಮಿಷದಲ್ಲಿ ಎಂಟು ಜನ ಗೊರಕೆ ಹೊಡೆಯುತ್ತಿದ್ದರು. ನಾನೊಬ್ಬಳು ಎಚ್ಚರ ಇದ್ದೆ. ನಿದ್ದೆಯಲ್ಲಿ ಇವರೆಲ್ಲರ ಕೈ ಅಲುಗುತ್ತದೆ, ನಿನಗೆ ಗೊತ್ತೇ? ಬಡಿಯುವವರು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದರು. ಮುಬಶ್ಶಿರಾ ಗಾಳಿಯಲ್ಲಿ ಏನನ್ನೋ ಮಗುಚುತ್ತಿದ್ದಳು. ನೋಡಿ ನನಗೆ ನಗುವೂ ಬಂತು, ಕಣ್ಣೀರೂ ಬಂತು.

ನಾಲ್ಕು ಗಂಟೆಗೆ ಎಲ್ಲರೂ ದುಂಡಗೆ ಕೂತೆವು. ಮನಸ್ಸಿನಲ್ಲಿ ಉಳಿದದ್ದನ್ನು ಒಬ್ಬೊಬ್ಬರೇ ಹೇಳಬೇಕು ಅಂದಳು ಪ್ರೀತಿ. ನನ್ನ ಸರದಿ ಬಂದಾಗ ಎದ್ದು ನಿಂತೆ. ಕೂತು ಹೇಳಬಹುದಿತ್ತು, ಆದರೆ ಆ ದಿನ ನೀನು ಎದ್ದು ನಿಂತಿದ್ದೆಯಲ್ಲ. ಬಹುಮಾನದ ರೊಟ್ಟಿ ಬೇಯಿಸಿದ್ದು ಗುಂಡಮ್ಮ, ನಾನು ಸುಳ್ಳು ತಲೆ ಆಡಿಸಿದೆ, ಅದಕ್ಕೇ ಅವಳು ಹೋದಳು ಅಂತ ಹೇಳಿದೆ. ಅಂಬರೀನ್ ಕೈ ಒರೆಸಿಕೊಳ್ಳುತ್ತ, ‘ನಮಗೆಲ್ಲಾ ಗೊತ್ತದ ಅಕ್ಕಾ. ನೀ ಯಾವಾಗ ಹೇಳ್ತಿ ಅಂತ ಕಾಯಾಕತ್ತಿದ್ದೆವು’ ಅಂದಳು. ಮುಬಶ್ಶಿರಾ ಮಾತ್ರ ಜೋರಾಗಿ ಅತ್ತಳು. ‘ರೊಟ್ಟಿ ಉಬ್ಬಲಾರದ್ದು ನಂದೇ ತಪ್ಪು ಅಂತ ತಿಳಕೊಂಡಿದ್ದೆ. ಮನ್ಯಾಗ ಊಟ ಸೇರ್ತಿದ್ದಿಲ್ಲ’ ಅಂದಳು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ನಾನು ಆ ಹುಡುಗಿಗೆ ಮಾಡಿದ್ದೆ. ಅವಳ ತಲೆ ಸವರಿ ಕ್ಷಮೆ ಕೇಳಿದೆ.

ಹೇಳಬೇಕಾದದ್ದನ್ನು ಹೇಳಿದೆ, ಕೇಳಬೇಕಾದವಳು ಇರಲಿಲ್ಲ. ಕಾಗದದಲ್ಲಿ ಕೇಳುವುದಿಲ್ಲ ಅಂದಿದ್ದೆ, ಆ ಹಟವನ್ನೂ ಬಿಡುತ್ತೇನೆ. ನನ್ನದು ತಪ್ಪಾಯಿತು, ಗುಂಡಮ್ಮ. ನೀನಿಲ್ಲದೆ ನನಗೆ ಬಹಳ ಕಷ್ಟವಾಗಿದೆ, ರೊಟ್ಟಿಗಷ್ಟೇ ಅಲ್ಲ.

ಇಲ್ಲಿ ಚಳಿ ಹೆಚ್ಚು, ಹೊದಿಕೆ ಸಾಲದು ಅಂತ ನಬಿಸಾಬ್ ಈಗ ಕಲಬುರಗಿಗೆ ಹೊರಟಿದ್ದಾನೆ. ಈ ಪತ್ರ ನಿನಗೆ ಕೊಟ್ಟೇ ಬರುತ್ತಾನೆ. ನಾಳೆ ಸಂಜೆಯ ತನಕ ಇಲ್ಲೇ ಇರುತ್ತೇವೆ.

ಶಾರದಾ

*

ದೌಲಪ್ಪನ ತೋಟ, ಕಮಲಾಪುರ
೨೧ ಡಿಸೆಂಬರ್ ೨೦೨೫, ಮಧ್ಯಾಹ್ನ ಮೂರು

ವಿಜಯಶ್ರೀಗೆ ಅತ್ತೆಯ ಆಶೀರ್ವಾದ.

ಇಷ್ಟು ದಿನ ನಾನು ಬರೆದೆ, ಅಲ್ಲಿ ಏನಾಯಿತೆಂದು ಈಗ ನನಗೂ ಒಂದು ಪತ್ರ ಬರಬೇಕು ಅಂತ ಹೊರಡುವಾಗ ಸೆರಗು ಹಿಡಿದು ನಿಲ್ಲಿಸಿದೆಯಲ್ಲ, ಇದು ಆ ಪತ್ರ. ನನಗೆ ಅಕ್ಷರ ಬಾರದು, ಆದ್ದರಿಂದ ನಾನು ಹೇಳುತ್ತೇನೆ, ಶಾರದಾ ಬರೆಯುತ್ತಾಳೆ. ಅಕ್ಷರ ಸೊಟ್ಟಗಿದೆ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಬಿಸಾಬ್ ನಿನ್ನೆ ಸಂಜೆ ಪತ್ರ ಕೊಟ್ಟು ಟೆಂಪೋ ಹತ್ತು ಅಂದಾಗ ನಾನು ಒಲ್ಲೆ ಅಂದದ್ದಕ್ಕೆ ನೀನು ಸಿಟ್ಟಾದೆ. ಟೆಂಪೋದಲ್ಲಿ ಹೋದರೆ ಅವರು ಹೊತ್ತು ತಂದ ಹಾಗೆ. ಬಸ್ಸಿಗೆ ಹೋದರೆ ನಾನಾಗಿ ಹೋದ ಹಾಗೆ. ಬೆಳಗ್ಗೆ ಹುಮನಾಬಾದ್ ಬಸ್ಸಿನಲ್ಲಿ ಆಧಾರ ಕಾರ್ಡು ತೋರಿಸಿ ಕಿಟಕಿಯ ಸೀಟು ಹಿಡಿದೆ. ಮಹಾಗಾಂವ ಬಂತು. ಇಳಿದು ವಾಪಸು ಹೋಗಲೇ ಅಂತ ಎದ್ದು ನಿಂತೆ. ಕಂಡಕ್ಟರ್, ‘ಕಮಲಾಪುರ ಇನ್ನಾ ಮುಂದದ ಯವ್ವಾ, ಕುಂದ್ರು’ ಅಂದ. ಕೂತೆ. ಅವನಿಗೆ ಪುಣ್ಯ ಬರಲಿ.

ತೋಟದ ಬಾಗಿಲಲ್ಲಿ ಎಲ್ಲರೂ ಓಡಿ ಬಂದರು. ಅಂಬರೀನ್ ನನ್ನನ್ನು ಎತ್ತಿಯೇ ಬಿಟ್ಟಳು. ಶಾರದಾ ಮಾತ್ರ ಬಾವಿಯ ಕಟ್ಟೆಯ ಹತ್ತಿರ ನಿಂತುಬಿಟ್ಟಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿಗೆ ಬೀಗ ಬಿದ್ದಿತ್ತು. (ಸುಳ್ಳು. ‘ಬಂದ್ಯಾ’ ಅಂದೆ.) ‘ಬಂದ್ಯಾ’ ಅಂದಳು. ‘ಹೂಂ’ ಅಂದೆ. ಒಂಬತ್ತು ತಿಂಗಳ ಮೇಲೆ ಅಷ್ಟೇ ಮಾತು. ಆಮೇಲೆ ಅವಳು ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳಲು ಬಾಯಿ ತೆರೆದಳು. ನಾನು ತಡೆದೆ. ‘ನಿನ್ನಿ ಹೇಳಿದ್ದು ಕಾಗದದಾಗ ಬಂದದ. ಈಗ ಮಾತ ಬ್ಯಾಡ. ಹಂಚಿನ ಮುಂದ ಕೂಡು’ ಅಂದೆ.

ಪ್ರೀತಿ ಎಂಬ ಆ ಹುಡುಗಿ ಅಡ್ಡ ಬಂದು, ‘ಅಮ್ಮಾ, ಎರಡ ದಿನ ಯಾರೂ ಹಿಟ್ಟ ಮುಟ್ಟಬಾರದು, ರೂಲ್ ಅದ’ ಅಂದಳು. ‘ರೂಲು ಕೆಲಸದವರಿಗೆ. ನಾ ಮಾರ್ಚದಾಗೇ ಕೆಲಸ ಬಿಟ್ಟೀನಿ. ಕೀಲಿ ಕೊಡು’ ಅಂದೆ. ಪಾಪ, ಅವಳು ಸೊಂಟಕ್ಕೆ ಕೈ ಹಾಕಿದಳು. ಕೀಲಿ ಕೊಟ್ಟಳು.

ನಾನು ಬಡಿಯಲು ಕೂತೆ, ಶಾರದಾ ಬೇಯಿಸಲು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಮೊದಲ ರೊಟ್ಟಿ ಇದ್ದಿಲಾಯಿತು. ಎರಡನೆಯದನ್ನು ಮಗುಚಲು ಹೋಗಿ ಬೆರಳು ಸುಟ್ಟುಕೊಂಡು ‘ಅಯ್ಯಯ್ಯೋ’ ಅಂತ ಕೈ ಒದರಿದಳು. ‘ಈಗೇ ಏಳೂಹಂಗಿಲ್ಲ, ಕೂಡು’ ಅಂದೆ. ಏಳಲಿಲ್ಲ. ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಸೆರಗಿಗೆ ಕಿಡಿ ತಾಗಿ ತೂತಾಯಿತು. ನಾಲ್ಕನೇ ರೊಟ್ಟಿಯ ಹೊತ್ತಿಗೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ, ‘ಇಷ್ಟು ಬಿಸಿ ಇತ್ತೇನ ನಿನಗ? ಎಂದೂ ಹೇಳಲಿಲ್ಲಲ್ಲ’ ಅಂದಳು. ಆಗ ನನ್ನ ಸಿಟ್ಟಿನ ಮುಕ್ಕಾಲು ಪಾಲು ಹೋಯಿತು.

ನಾನು ಬಡಿದ ಎಂಟು ರೊಟ್ಟಿಯಲ್ಲಿ ಎಂಟರ ಅಂಚೂ ಒಡೆದವು. ಇದನ್ನು ಬರೆಯಬೇಡ ಅಂದೆ, ಬರೆಯುತ್ತಿದ್ದಾಳೆ. (ಇದನ್ನು ಬಿಟ್ಟರೆ ನಾನು ಶಾರದಾಬಾಯಿಯೇ ಅಲ್ಲ.) ಬಡಿಯುವುದೂ ಸುಲಭದ ಕೆಲಸವಲ್ಲ, ರಟ್ಟೆ ಬಿದ್ದುಹೋಗಿದೆ. ಆದರೆ ಎಂಟನೆಯದು ಹಂಚಿನ ಮೇಲೆ ಮೆಲ್ಲಗೆ ಎದ್ದು, ಅಂಚು ಒಡೆದದ್ದನ್ನೂ ಲೆಕ್ಕಿಸದೆ ಪೂರ್ತಿ ಉಬ್ಬಿತು. ಎಲ್ಲರೂ ಕೂಗಿದ ಕೂಗಿಗೆ ಪಕ್ಕದ ತೋಟದವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ಆ ರೊಟ್ಟಿ ನಮ್ಮಿಬ್ಬರಿಗೂ ಸಿಗಲಿಲ್ಲ. ರೂಲು ಮಾಡಿದ ಪ್ರೀತಿಯೇ ಮೊದಲು ಹರಿದು ಬಾಯಿಗೆ ಹಾಕಿಕೊಂಡಳು.

ಇನ್ನೊಂದು ಗಂಟೆಗೆ ಎಲ್ಲರೂ ಟೆಂಪೋದಲ್ಲಿ ಹೊರಡುತ್ತಾರೆ. ನಾವಿಬ್ಬರು ಇವತ್ತು ಇಲ್ಲೇ ಇರುತ್ತೇವೆ. ದೌಲಪ್ಪನ ಹೆಂಡತಿ ಬಿಡುತ್ತಿಲ್ಲ, ನಮಗೂ ಮಾತು ಮುಗಿದಿಲ್ಲ. ನಾಳೆ ಬರುವಾಗ ಮೊಮ್ಮಗಳಿಗೆ ಕೆಂಪು ಬಾಳೆಹಣ್ಣು ತರುತ್ತೇನೆ.

ಕೊನೆಗೆ ಮೂರು ಮಾತು, ಹೇಳಿದ ಹಾಗೇ ಬರೆಯಬೇಕು ಅಂತ ಇವಳಿಗೆ ಹೇಳಿದ್ದೇನೆ. ಮೇಳದ ಬಹುಮಾನ ಬಂದದ್ದು ಶಾರದಾ ಬಡಿದ, ಗುಂಡಮ್ಮ ಬೇಯಿಸಿದ ರೊಟ್ಟಿಗೆ. (ಬರೆದಿದ್ದೇನೆ.) ನನ್ನ ಸಿಟ್ಟು ಇನ್ನೂ ಕಾಲು ಪಾಲು ಉಳಿದಿದೆ. (ಬರೆದಿದ್ದೇನೆ.) ಮಂಗಳವಾರದಿಂದ ನಾನು ಕೆಲಸಕ್ಕೆ ಹೋಗುತ್ತೇನೆ, ನನ್ನ ಮಗ ಸುಧಾಕರನಿಗೂ ಹೇಳು. (ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನೋಡು.)

ವಿಜಯಶ್ರೀ, ಇನ್ನು ಮುಂದಿನದು ನಿನ್ನ ಶಾರದಕ್ಕನ ಮಾತು. ನೀನು ಬರೆದ ಪ್ರತಿ ಪತ್ರವನ್ನೂ ನಿನ್ನ ಅತ್ತೆ ಎರಡೆರಡು ಸಲ ಓದಿಸಿ, ಒಂದಕ್ಷರ ಹೆಚ್ಚುಕಡಿಮೆ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮಡಚಲು ಬಿಡುತ್ತಿದ್ದಳಂತೆ, ಈಗ ತಾನೇ ಹೇಳಿದಳು. ಅದಕ್ಕೆ ನಾನೂ, ಓದಿ ಹೇಳುತ್ತೇನೆ, ಕೇಳು, ಎಲ್ಲಾದರೂ ನನ್ನ ಕಡೆಗೆ ಎಳೆದುಕೊಂಡು ಬರೆದಿದ್ದರೆ ತಿದ್ದುತ್ತೇನೆ ಅಂದೆ. ಅವಳು ಜಮಖಾನೆಯ ಮೇಲೆ ಆಗಲೇ ಅಡ್ಡಾಗಿದ್ದಳು.

‘ಯಾಕ ಓದ್ತಿ? ನೀ ಬರದೀಯಲ್ಲ, ಸಾಕ’ ಅಂದು, ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದಳು.

ಹೇಳಿದವಳು ಗುಂಡಮ್ಮ
ಬರೆದವಳು ಶಾರದಾ